ಹುರುಳಿಯ ಮೇಲೆ ಜಾರಿ ಬಿದ್ದವಳು

ನಿಮ್ಮ ದೊಡ್ಡಜ್ಜಿಯ ತಿಥಿಯ ದಿನ ಊಟ ಮುಗಿದ ಮೇಲೆ ಮೊಮ್ಮಕ್ಕಳು ನೀವೆಲ್ಲ ಜಗಲಿಯಲ್ಲಿ ಕೂತು ಅವಳ ಮಾತು ತೆಗೆದಿರಿ. ನಾನು ಒಳಗೆ ಎಲೆ, ಅಡಿಕೆ ತಟ್ಟೆಗೆ ಜೋಡಿಸುತ್ತಿದ್ದೆ. ನಿಮ್ಮಲ್ಲಿ ದೊಡ್ಡವನು ಹೆಗಲ ಮೇಲಿನ ಟವೆಲನ್ನೇ ಸೆರಗಿನ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಅವಳು ಮೊಪೆಡ್ ಓಡಿಸುತ್ತಿದ್ದ ರೀತಿಯನ್ನು ಮಾಡಿ ತೋರಿಸಿದ. ಚಿಕ್ಕವಳು ಅವಳದೇ ಧ್ವನಿಯಲ್ಲಿ, "ಹುರುಳಿ ಚೆನ್ನಾಗಿ ಬಿಟ್ಟೈತೆ ಕಣೆ" ಎಂದಳು. ಸಾವಿನ ಮನೆಯೆಂಬುದನ್ನು ಮರೆತು ಎಲ್ಲರೂ ನಕ್ಕಿರಿ. ಬಂದ ನೆಂಟರೂ ನಕ್ಕರು. ನನಗೆ ಮಾತ್ರ ಹೊಟ್ಟೆಯೊಳಗೆ ಉರಿಯಿತು. ನಾನು ಸತ್ತ ಮೇಲೆ ಇದೇ ಜಗಲಿಯಲ್ಲಿ ಯಾರು ಏನು ಮಾಡಿ ತೋರಿಸುತ್ತಾರೆ? ಕೂತು ಹೂ ಕಟ್ಟಿ ತೋರಿಸುತ್ತಾರೆಯೇ?

ನನಗೆ ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ. ಊರ ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಕೈಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಹೊರಡುವ ಹೊತ್ತಿಗೆ ಚಿಕ್ಕವಳು ಅಡಿಗೆಮನೆಗೆ ಬಂದು, "ಅಜ್ಜಿ, ದೊಡ್ಡಜ್ಜಿ ಗಾಡಿ ಓಡಿಸೋವಾಗ ಹಾಕ್ಕಂತಿದ್ಲಲ್ಲ, ಆ ಅಂಗಿ ನಂಗೆ ಬೇಕು, ನೆನಪಿಗೆ" ಎಂದಳು. ನಾನು ನೋಡೋಣ ಎಂದೆ. ಅವಳು ಹೊರಗೆ ಹೋಗಿ, ಗಾಳಿಗೆ ಹಾರುವಂಥ ತೆಳ್ಳನೆಯ ತೋಳಿಲ್ಲದ ಬಟ್ಟೆಯಲ್ಲೇ ಸ್ಕೂಟರ್ ಹತ್ತಿ ದುರ್ಗದ ಕಡೆ ಹೊರಟಳು. "ಏನಾದ್ರೂ ಮೇಲೆ ಹಾಕ್ಕಳೇ" ಎಂದರೆ, "ಬಿದ್ರೆ ದೊಡ್ಡಜ್ಜಿ ಥರ ನಗ್ತೀನಿ ಬಿಡಜ್ಜಿ" ಎಂದಳು. ಆ ಮಾತು ನನ್ನನ್ನು ಮಲಗಲು ಬಿಟ್ಟಿಲ್ಲ.

ನಿಮ್ಮ ದೊಡ್ಡಜ್ಜಿ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎಂದು ಕರೆಯುತ್ತಿದ್ದೆ. ಒಂದೇ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿಕೊಂಡಿದ್ದೆವು. ಹಿತ್ತಿಲು, ಬಚ್ಚಲು, ಬಟ್ಟೆ ಒಣಹಾಕುವ ಹಗ್ಗ ಒಂದೇ ಉಳಿದವು.

ನಾನು ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ನಿಲ್ಲಿಸಿ ಗಂಡನ ಹೆಸರು ಹೇಳೆಂದು ಹೆಂಗಸರೆಲ್ಲ ಕಾಡಿದರು. ಸೇರಕ್ಕಿ ಒದೆಯಲು ಎತ್ತಿದ ಕಾಲನ್ನು ಹಾಗೇ ಇಟ್ಟುಕೊಂಡು ನಿಂತಿದ್ದೆ. ಆಗ ಹಿಂದಿನಿಂದ ಅಕ್ಕ ನನ್ನಂತೆಯೇ ಸಣ್ಣ ಧ್ವನಿ ಮಾಡಿ ಹೆಸರು ಹೇಳಿಬಿಟ್ಟಳು. ಎಲ್ಲರೂ ಹೋ ಎಂದು ನಕ್ಕರು, ನನ್ನನ್ನು ಒಳಗೆ ಬಿಟ್ಟರು. ನನ್ನ ಕಷ್ಟವೇನೋ ತಪ್ಪಿತು. ಆದರೆ ಆ ಹೊಸ್ತಿಲಲ್ಲಿ ನಾನು ಹೇಳಬೇಕಾಗಿದ್ದ ಹೆಸರನ್ನು ಹೇಳಿದವಳು ಅವಳು. ಇದನ್ನು ನಾನು ಯಾವತ್ತೂ ಮರೆಯಲಿಲ್ಲ.

ಭಾವ ಕಾಯಿಲೆಯಲ್ಲಿ ತೀರಿಕೊಂಡಾಗ ಅವರ ಮೊಪೆಡ್ ಕೊಟ್ಟಿಗೆಯಲ್ಲಿ ನಿಂತಿತ್ತು. ಗಂಡಸಿಲ್ಲದ ಮನೆಯಲ್ಲಿ ಗಾಡಿ ಯಾಕೆ, ಮಾರಿಬಿಡಿ ಎಂದು ಅತ್ತೆ ಹೇಳಿದರು. ಅಕ್ಕ ಆಯಿತು ಎಂದಳು. ಎಂದವಳೇ ಬೆಳಗಿನ ಜಾವ ಎದ್ದು ಕೆರೆ ಏರಿಯ ಮೇಲೆ ಅದನ್ನು ಓಡಿಸುವುದು ಕಲಿತಳು. ಹಿತ್ತಿಲ ಆಚೆ ನಮ್ಮದೊಂದು ತುಂಡು ಸೇವಂತಿಗೆ ತೋಟವಿತ್ತು. ನಾನು ಹೂ ಕಟ್ಟುತ್ತಿದ್ದೆ, ಅವಳು ಮೊಪೆಡ್ಡಿನ ಹಿಂದೆ ಬುಟ್ಟಿ ಬಿಗಿದು ಚಿಕ್ಕಜಾಜೂರು ಸ್ಟೇಷನ್ನಿಗೆ, ಹೊಳಲ್ಕೆರೆ ಸಂತೆಗೆ ಒಯ್ದು ಮಾರುತ್ತಿದ್ದಳು. ಕಟ್ಟಿದ ಕೈ ನನ್ನದು. "ಬಂದ್ಲು ನೋಡು ಹೂವಿನಕ್ಕ" ಎಂದು ಜನ ಕಾಯುತ್ತಿದ್ದದ್ದು ಅವಳನ್ನು.

"ನೀನೂ ಬಾರೆ ಹಿಂದೆ ಕುಂತ್ಕ, ಹೋಗಾಣ. ಹೊಳಲ್ಕೆರೆ ನೋಡ್ಕಂಡು ಬರಾಣ" ಎಂದು ಎಷ್ಟೋ ಸಲ ಕರೆದಳು.

"ಜನ ನೋಡ್ತಾರಕ್ಕ."

"ನೋಡ್ಲಿ ಬಿಡೆ, ನೋಡೋಕೇನು ಟಿಕೆಟ್ಟೈತೇನು?"

ನಾನು ಹೋಗಲಿಲ್ಲ. ಅವಳು ಹೋದ ದಾರಿಯನ್ನು ಮೋಟುಗೋಡೆಯ ಈಚೆಯಿಂದ ನೋಡುತ್ತಿದ್ದೆ.

ಈಗ ಹುರುಳಿಯ ವಿಷಯ. ನಮ್ಮೂರಲ್ಲಿ ಸುಗ್ಗಿಯಲ್ಲಿ ಹುರುಳಿ ಗಿಡವನ್ನು ಟಾರು ರಸ್ತೆಯ ಮೇಲೆ ಹರಡುವುದು ನಿಮಗೂ ಗೊತ್ತು. ಕಣ ಮಾಡಿ ಸಗಣಿ ಸಾರಿಸುವ ಕೆಲಸವಿಲ್ಲ. ಹೋಗಿ ಬರುವ ಬಸ್ಸು, ಲಾರಿಗಳೇ ತುಳಿದು ಕಾಳು ಬಿಡಿಸುತ್ತವೆ. ಆ ದಿನವೂ ಬೆಳಿಗ್ಗೆ ಅಕ್ಕ, ನಾನು ಸೇರಿಯೇ ನಮ್ಮ ಹುರುಳಿ ಹರಡಿ, ಅಂಚಿಗೆ ಕಲ್ಲು ಇಟ್ಟು ಬಂದಿದ್ದೆವು. ಆಮೇಲೆ ಅವಳು ಹೂ ಮಾರಲು ಹೋದಳು. ನಾನು ರಸ್ತೆ ಬದಿ ಹುಣಸೆಮರದ ನೆರಳಲ್ಲಿ ಮೊರ ಹಿಡಿದು ಕೂತೆ.

ಮಧ್ಯಾಹ್ನ ಮೊಪೆಡ್ಡಿನ ಸದ್ದು ಕೇಳಿತು. ಬೇರೆಯವರ ಫಸಲು ಕಂಡರೆ ಅವಳು ಗಾಡಿಯನ್ನು ನಿಧಾನ ಮಾಡಿ ಬದಿಗೆ ಇಳಿಸುತ್ತಿದ್ದಳು. ಇದು ನಮ್ಮದಲ್ಲವೇ? ನಾನೂ ಒಂದು ಸುತ್ತು ತುಳಿದುಬಿಡುತ್ತೇನೆ, ನಾಲ್ಕು ಕಾಳು ಜಾಸ್ತಿ ಉದುರಲಿ ಎಂದುಕೊಂಡು, ಇಳಿಜಾರಿನಲ್ಲಿ ಇನ್ನೂ ಜೋರು ಮಾಡಿಕೊಂಡು ನಡುವೆಯೇ ನುಗ್ಗಿಸಿದಳು. ಒಣಗಿದ ದಂಟು, ಅದರಡಿಯಲ್ಲಿ ಉದುರಿದ ದುಂಡನೆಯ ಕಾಳು. ಗಾಡಿ ಒಂದು ಕಡೆ ಹೋಯಿತು, ಅವಳು ಇನ್ನೊಂದು ಕಡೆ ಹೋದಳು. ಬಿದ್ದಲ್ಲೇ ನಿಲ್ಲಲಿಲ್ಲ. ಹುರುಳಿ ದಾಟಿ ಬರಿಯ ಟಾರಿನ ಮೇಲೆ ಚೀಲ ಎಳೆದ ಹಾಗೆ ಸರ್ರನೆ ಎಳೆದುಕೊಂಡು ಹೋದಳು. ಆ ಸದ್ದು ನನಗೆ ಈಗಲೂ ಕಿವಿಯಲ್ಲಿದೆ.

ಮೊರ ಬಿಸಾಡಿ ಓಡಿದೆ. ಅಷ್ಟರಲ್ಲಿ ಹೊಲದಲ್ಲಿದ್ದವರೂ ಓಡಿ ಬಂದರು, ರೈಲು ಹಳಿ ನೋಡಿಕೊಂಡು ನಡೆಯುವ ಬೀಟ್ ಮುಗಿಸಿ ಬರುತ್ತಿದ್ದ ನಿಮ್ಮ ಅಜ್ಜನೂ ಬಂದರು. ಅಕ್ಕ ಎದ್ದು ಕೂತಳು. ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮವೇ ಇರಲಿಲ್ಲ. ಅಂಗೈಯಲ್ಲಿ ಜಲ್ಲಿಯ ಚೂರು ಕೂತಿದ್ದವು. ಸುತ್ತ ನಿಂತವರನ್ನು ಒಂದು ಸಲ ನೋಡಿ, ನನ್ನ ಕಡೆ ತಿರುಗಿ ನಗುತ್ತ ಹೇಳಿದಳು, "ಹುರುಳಿ ಚೆನ್ನಾಗಿ ಬಿಟ್ಟೈತೆ ಕಣೆ."

ನಿಮ್ಮ ಅಜ್ಜ ಈ ಮಾತನ್ನು ಸಾಯುವವರೆಗೂ ಹೇಳಿಕೊಂಡು ನಕ್ಕರು. ರೈಲ್ವೆ ಗ್ಯಾಂಗಿನ ಗೆಳೆಯರಿಗೆಲ್ಲ ಹೇಳಿದರು. "ಅತ್ತಿಗೆ ಅಂದ್ರೆ ಅತ್ತಿಗೆ ಕಣಪ್ಪ" ಎನ್ನುತ್ತಿದ್ದರು. ನಾನು ಕೈ ಸುಟ್ಟುಕೊಂಡು ರೊಟ್ಟಿ ಬಡಿದದ್ದನ್ನು ಅವರು ಯಾರಿಗೂ ಹೇಳಿದ್ದು ನಾನು ಕಾಣೆ.

ರಸ್ತೆಯ ಗಾಯ ಕುಡುಗೋಲಿನ ಗಾಯದ ಹಾಗಲ್ಲ. ಕುಡುಗೋಲು ಒಂದು ಕಡೆ ಕೊಯ್ಯುತ್ತದೆ, ಹೊಲಿಗೆ ಹಾಕಿದರೆ ಕೂಡಿಕೊಳ್ಳುತ್ತದೆ. ಟಾರು ತನ್ನ ಮೇಲೆ ಜಾರುವ ಮೈಯನ್ನು ಕಾಯಿತುರಿಯ ಹಾಗೆ ತುರಿದುಬಿಡುತ್ತದೆ. ಹೊಲಿಯಲು ಅಂಚೇ ಇರುವುದಿಲ್ಲ. ಸದಾ ಒಸರುತ್ತದೆ, ಸೆರಗು ಸೋಕಿದರೂ ಉರಿ, ಗಾಳಿ ಸೋಕಿದರೂ ಉರಿ. ಅವಳ ಗಾಯ ಒಣಗಿದ ಮೇಲೆ ಹಕ್ಕಳೆ ಬಿದ್ದು ಗುಲಾಬಿ ಬಣ್ಣದ ಎಳೆಚರ್ಮ ಬಂತು. ಅದರೊಳಗೆ ತೆಗೆಯಲಾಗದೆ ಉಳಿದ ಟಾರಿನ ಕಣಗಳು ಹಚ್ಚೆ ಹಾಕಿದ ಹಾಗೆ ಕಪ್ಪು ಚುಕ್ಕಿಗಳಾಗಿ ನಿಂತುಬಿಟ್ಟವು.

ಆ ಚುಕ್ಕಿಗಳೇ ನಿಮ್ಮನ್ನು ನನ್ನ ಮಡಿಲಿಂದ ಎತ್ತಿಕೊಂಡು ಹೋದವು. ಹಬ್ಬಕ್ಕೆ ಬಂದರೆ ನನ್ನ ಕೈಯ ಕಡುಬು ತಿಂದು, ಬಾಯಿ ಒರೆಸಿಕೊಂಡು ಅವಳ ಜಗಲಿಗೆ ಓಡುತ್ತಿದ್ದಿರಿ. ಅವಳು ತೋಳು ಚಾಚಿ ಒಂದೊಂದೇ ಚುಕ್ಕಿ ತೋರಿಸುತ್ತಿದ್ದಳು. "ಇದು ಚಿಕ್ಕಜಾಜೂರು. ಇದು ಹೊಳಲ್ಕೆರೆ. ದಪ್ಪಗೈತಲ್ಲ, ಇದು ದುರ್ಗ. ಹೊಸದುರ್ಗ ಇಲ್ಲಿ ಮೊಣಕೈ ತಾವ. ಹಿರಿಯೂರು ಹಿಂದ್ಗಡೆ ಐತೆ, ನಂಗೇ ಕಾಣಲ್ಲ, ನೀವು ನೋಡಿ ಹೇಳ್ರಿ." ಒಮ್ಮೆ ನಿಮ್ಮಲ್ಲೊಬ್ಬರು ನನ್ನ ತೋಳು ಹಿಡಿದು ತಿರುಗಿಸಿ ನೋಡಿ ಕೇಳಿದಿರಿ, "ಅಜ್ಜಿ, ನಿನ್ ಮೈಮೇಲೆ ಯಾವೂರೂ ಇಲ್ವಾ?"

"ಇಲ್ಲ ಕಣಪ್ಪ" ಎಂದೆ. ರವಿಕೆಯ ತೋಳು ಎಳೆದುಕೊಂಡೆ.

ಬಿದ್ದು ಎದ್ದ ಮೇಲೆ ಅವಳು ಮತ್ತೆ ಗಾಡಿ ಹತ್ತಿದ ಮೊದಲ ದಿನ ನೇರ ಹಿತ್ತಿಲಿಗೆ ಬಂದು, ಹಗ್ಗದ ಮೇಲಿದ್ದ ನಿಮ್ಮ ಅಜ್ಜನ ಅಂಗಿಯನ್ನು ಎಳೆದುಕೊಂಡಳು. ಗ್ಯಾಂಗಿನವರು ಹಾಕುವ ದಪ್ಪ ಖಾಕಿ ಬಟ್ಟೆ, ಮಣಿಕಟ್ಟು ಮುಚ್ಚುವ ಉದ್ದ ತೋಳು. ಸೀರೆಯ ಮೇಲೇ ತೊಟ್ಟು ಗುಂಡಿ ಹಾಕಿಕೊಂಡಳು. ಸೆರಗನ್ನು ಚಕ್ರಕ್ಕೆ ಸಿಗದಂತೆ ಒಳಗೆ ಬಿಗಿದಳು. ಕಾಲಿಗೆ ಭಾವನ ಬೂಟು, ತಲೆಗೆ ಹೆಲ್ಮೆಟ್.

"ಅಕ್ಕ, ಅದು ಅವ್ರ ಅಂಗಿ" ಎಂದೆ.

"ಇನ್ನ ಮ್ಯಾಲೆ ಇದು ನನ್ ಚರ್ಮ ಕಣೆ. ಅಂಗಿ ಹರಿದ್ರೆ ದರ್ಜಿ ಹೊಲೀತಾನೆ. ಚರ್ಮ ಹರಿದ್ರೆ ಯಾರ್ ಹೊಲೀತಾರೆ?"

ನಿಮ್ಮ ಅಜ್ಜ ಹಲ್ಲುಜ್ಜುತ್ತ ನಿಂತಿದ್ದವರು, "ತಗಳ್ರಿ ಅತ್ತಿಗೆ, ನಿಮಗೇ ಒಪ್ಪೈತೆ" ಎಂದರು. ಊರವರು ಸ್ವಲ್ಪ ದಿನ ನಕ್ಕರು. "ಪೊಲೀಸಮ್ಮ ಬಂದ್ರು, ದಾರಿ ಬಿಡ್ರಪ್ಪ" ಎಂದು ಹುಡುಗರು ಕೂಗಿದರು. ಅವಳು ಸಲ್ಯೂಟ್ ಹೊಡೆದು ಹೋಗುತ್ತಿದ್ದಳು. ಮರುವರ್ಷದಿಂದ ನಮ್ಮ ಹುರುಳಿ ರಸ್ತೆಗೆ ಹೋಗಲಿಲ್ಲ. ಅವಳೇ ಹಿತ್ತಿಲಲ್ಲಿ ಕಣ ಮಾಡಿದಳು. ಸಗಣಿ ಸಾರಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.

ನಿಮ್ಮ ಅಜ್ಜ ಹೋದಾಗ ನಮ್ಮ ಪದ್ಧತಿಯಂತೆ ಅವರ ಬಟ್ಟೆಯನ್ನೆಲ್ಲ ಕೊಟ್ಟುಬಿಟ್ಟೆವು. ಒಂದು ಪಂಚೆಯನ್ನೂ ಇಟ್ಟುಕೊಳ್ಳಲಿಲ್ಲ. ಉಳಿದದ್ದು ಆ ಅಂಗಿ ಒಂದೇ. ಅದು ಅಕ್ಕನ ಮೈಮೇಲೆ. ಅವಳು ಹೂ ಮಾರಿ ಬಂದು ಅದನ್ನು ಒಗೆದು ಹಗ್ಗದ ಮೇಲೆ ಹಾಕುವಳು. ನಾನು ಅಡಿಗೆಮನೆ ಕಿಟಕಿಯಿಂದ ನೋಡುವೆ. ಗಾಳಿಗೆ ಅದರ ತೋಳುಗಳು ಆಡಿದರೆ ಅವರೇ ಹಿತ್ತಿಲಲ್ಲಿ ಏನೋ ಹುಡುಕುತ್ತಿರುವ ಹಾಗೆ ಕಾಣುತ್ತಿತ್ತು. ಒಂದು ದಿನ ಅವಳು ನನ್ನನ್ನು ಹಿಡಿದುಬಿಟ್ಟಳು.

"ಬೇಕೇನೆ?"

"ಬ್ಯಾಡಕ್ಕ. ನೀನ್ ಗಾಡಿ ಓಡಿಸ್ಬೇಕು."

"ಬೇಕಾದ್ರೆ ಕೇಳೆ. ನಂಗೆ ಗೋಣಿಚೀಲ ಆದ್ರೂ ಆದೀತು."

ಕೇಳಲು ನನಗೆ ಬಾಯಿ ಬರಲಿಲ್ಲ. ಅವಳಿಗೆ ನನ್ನ ಮೇಲೆ ಯಾವತ್ತಾದರೂ ಹೊಟ್ಟೆಕಿಚ್ಚು ಬಂದಿತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನನಗೆ ಗಂಡ ಹೆಚ್ಚು ಕಾಲ ಇದ್ದರು, ಮೊಮ್ಮಕ್ಕಳು ನನ್ನವರು, ಬರಬೇಕಾಗಿತ್ತು. ಬರಲಿಲ್ಲ. ಅದು ಅವಳ ಸ್ವಭಾವದಲ್ಲೇ ಇರಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚು.

ಆಮೇಲೆ ದೊಡ್ಡವನು ಬಿದ್ದ. ಹಿರಿಯೂರಿನಿಂದ ಹೈವೇಯಲ್ಲಿ ಬೈಕ್ ಓಡಿಸಿಕೊಂಡು ಬರುವಾಗ, ಲಾರಿಯಿಂದ ಉದುರಿದ ಮರಳಿನ ಮೇಲೆ ಜಾರಿದ. ಹೆಲ್ಮೆಟ್ ಇದ್ದದ್ದರಿಂದ ತಲೆ ಉಳಿಯಿತು. ಅರ್ಧ ತೋಳಿನ ಅಂಗಿ, ಚಪ್ಪಲಿ. ತೋಳು, ಸೊಂಟದ ಪಕ್ಕ, ಮೊಣಕಾಲು, ಪಾದ ಎಲ್ಲ ತರಚಿಹೋಗಿತ್ತು. ದುರ್ಗದ ಆಸ್ಪತ್ರೆಯಲ್ಲಿ ತೊಳೆದು ಪಟ್ಟಿ ಕಟ್ಟಿ ಕಳಿಸಿದರು. ಅವನು ಬೆಳೆದದ್ದು ನನ್ನ ಮಡಿಲಲ್ಲಿ. ಆದರೂ ನಾನು ಹತ್ತಿರ ಹೋದರೆ, "ಮುಟ್ಟಬ್ಯಾಡಜ್ಜಿ, ದೊಡ್ಡಜ್ಜೀನ ಕರಿ" ಎಂದ.

ಕರೆದೆ. ಗೋಡೆಯ ಆಚೆಯಿಂದ ಬಂದಳು. ಆಗಲೇ ಅವಳಿಗೆ ಮಂಡಿನೋವು, ಗೋಡೆ ಹಿಡಿದು ನಡೆಯುತ್ತಿದ್ದಳು.

"ಏನಪ್ಪ ರಾಜ, ಹೈವೇಗೆ ಎಷ್ಟು ಗುಂಟೆ ಬರ್ಕೊಟ್ಟೆ?"

ಅಷ್ಟು ನೋವಿನಲ್ಲೂ ಅವನಿಗೆ ನಗು ಬಂತು. "ಸುಮಾರು ಹೋಗೈತೆ ದೊಡ್ಡಜ್ಜಿ."

"ಪರಿಹಾರ ಗಿರಿಹಾರ ಏನೂ ಕೊಡಲ್ಲ ನೋಡು ಅವ್ರು."

ನಾನು ಬಟ್ಟಲು ಹಿಡಿದು ನಿಂತಿದ್ದೆ. ನೋಡಿದಳು. "ಅದೇನೆ ಅದು?"

"ಅರಿಶಿಣ. ಒಂಚೂರು ಕಾಫಿಪುಡಿ."

"ಲೇ, ಅದು ಗಾಯ ಕಣೆ, ಸಾರಲ್ಲ. ಹುಡುಗಂಗೆ ಒಗ್ಗರಣೆ ಹಾಕ್ತೀಯೇನು? ಆಸ್ಪತ್ರೆಯವ್ರು ಕೊಟ್ಟಿರೋ ಮುಲಾಮು ಸಾಕು."

ಮನೆಯೆಲ್ಲ ನಕ್ಕಿತು. ಬಟ್ಟಲು ಒಳಗಿಟ್ಟು ಬಂದೆ. ಅವಳು ಅವನ ಪಕ್ಕ ಕೂತು, ಅಂಟಿಕೊಂಡಿದ್ದ ಪಟ್ಟಿಯ ಮೇಲೆ ಆಸ್ಪತ್ರೆಯ ಬಾಟಲಿ ನೀರನ್ನು ಹನಿಹನಿಯಾಗಿ ಬಿಟ್ಟು, ನೆನೆಯಲಿ ಎಂದು ಕಾಯುತ್ತಿದ್ದಳು. ಅವನು ಅವಳ ಚುಕ್ಕಿ ಚುಕ್ಕಿಯ ತೋಳನ್ನು ಗಟ್ಟಿಯಾಗಿ ಹಿಡಿದಿದ್ದ. ಕಣ್ಣಲ್ಲಿ ನೀರು ಬಂದಾಗ ಅವಳು ಹೇಳಿದಳು, "ಅಳ್ತೀಯೇನೋ ಗಂಡು ಹುಡ್ಗ? ನನ್ ಕೈ ಪೂರಾ ಕಿತ್ತೋಗಿತ್ತು, ಒಂದ್ ಹನಿ ಕಣ್ಣೀರು ಹಾಕ್ಲಿಲ್ಲ. ಬೇಕಾದ್ರೆ ನಿಮ್ಮಜ್ಜೀನ ಕೇಳು."

ನೀವೆಲ್ಲ ನನ್ನ ಕಡೆ ತಿರುಗಿದಿರಿ. ಅಷ್ಟು ಕಣ್ಣು ಒಟ್ಟಿಗೆ ನನ್ನನ್ನು ನೋಡಿದ್ದು ಮದುವೆಯ ಹೊಸ್ತಿಲಿನ ನಂತರ ಅದೇ. ನಾನೊಂದು ಮಾತು ಹೇಳಿದ್ದರೆ ಅವಳ ಕಥೆ ಅಲ್ಲೇ ಬಿದ್ದುಹೋಗುತ್ತಿತ್ತು. ಅವಳು ನನ್ನನ್ನು ನೋಡಲಿಲ್ಲ, ಪಟ್ಟಿಯನ್ನೇ ನೋಡುತ್ತಿದ್ದಳು. ನೀರು ಬಿಡುತ್ತಿದ್ದ ಕೈ ಮಾತ್ರ ನಿಂತಿತ್ತು.

"ಹೂಂ. ಅಳಲಿಲ್ಲ" ಎಂದೆ.

ಕೈ ಮತ್ತೆ ನೀರು ಬಿಡತೊಡಗಿತು.

ಅವಳ ಮೇಲಿನ ಕನಿಕರಕ್ಕೆ ಹಾಗೆ ಹೇಳಿದೆ ಎಂದುಕೊಳ್ಳಬೇಡಿ. ಅವಳದ್ದೆಲ್ಲ ನಿಮ್ಮದಾಗಿತ್ತು. ನಗು, ಚುಕ್ಕಿ, ಊರುಗಳು, ಎಲ್ಲ. ಇದೊಂದು ನನ್ನ ಹತ್ತಿರ ಉಳಿದಿತ್ತು. ಕೊಡಲು ಮನಸ್ಸಾಗಲಿಲ್ಲ. ಈಗಲೂ ಇಲ್ಲ. ಆದರೆ ಚಿಕ್ಕವಳು ತೆಳ್ಳನೆಯ ಬಟ್ಟೆಯಲ್ಲಿ ಸ್ಕೂಟರ್ ಹತ್ತಿ, ಬಿದ್ದರೆ ನಗುತ್ತೇನೆ ಎಂದು ಹೋದದ್ದರಿಂದ ಕೊಡುತ್ತಿದ್ದೇನೆ. ತಗೋ.

ಹುರುಳಿಯ ಮೇಲೆ ಬಿದ್ದು ಎರಡು ದಿನವಾಗಿತ್ತು. ಪಟ್ಟಿ ಬದಲಿಸಲು ಆಸ್ಪತ್ರೆಗೆ ಹೋಗಬೇಕು, ಅದಕ್ಕೆ ಮುಂಚೆ ಮನೆಯಲ್ಲೇ ಬಿಚ್ಚಿ ಮೈ ತೊಳೆದುಕೊಳ್ಳುತ್ತೇನೆ ಎಂದು ಹಟ ಹಿಡಿದಳು. ಬಚ್ಚಲಿಗೆ ನನ್ನನ್ನು ಕರೆದು ಬಾಗಿಲು ಹಾಕಿದಳು. ಪಟ್ಟಿ ಒಣಗಿ ಮಾಂಸಕ್ಕೆ ಅಂಟಿತ್ತು. ನೆನೆಸಬೇಕೆಂದು ಆಗ ಇಬ್ಬರಿಗೂ ಗೊತ್ತಿಲ್ಲ. "ಎಳಿ" ಎಂದಳು. ಎಳೆದೆ. ಅವಳು ಕೂಗಬಾರದೆಂದು ಬಾಯಿಗೆ ಏನೋ ಹುಡುಕಿ, ಬೇರೇನೂ ಸಿಗದೆ, ನನ್ನ ಎಡಭುಜವನ್ನು ಕಚ್ಚಿದಳು. ರವಿಕೆಯ ಬಟ್ಟೆ ಹರಿಯುವಂತೆ ಕಚ್ಚಿದಳು. ನಾನೂ ಕೂಗಲಿಲ್ಲ. ಪಟ್ಟಿ ಪೂರ್ತಿ ಬಂದ ಮೇಲೆ ನೆಲದ ಮೇಲೆ ಕೂತು, ತಲೆಯನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು, "ಅವ್ವಾ, ಅವ್ವಾ" ಎಂದು ಮಗುವಿನ ಹಾಗೆ ಅತ್ತಳು. ಅಷ್ಟು ಅತ್ತವರನ್ನು ನಾನು ಕಂಡಿಲ್ಲ. ಹಂಡೆಯ ನೀರು ಕುದಿಯುತ್ತಿತ್ತು, ಆ ಸದ್ದಿನಲ್ಲಿ ಹೊರಗೆ ಯಾರಿಗೂ ಕೇಳಿಸಲಿಲ್ಲ.

ಅಳು ನಿಂತ ಮೇಲೆ ಹೇಳಿದಳು, "ಯಾರ್ಗೂ ಹೇಳಬ್ಯಾಡ ಕಣೆ. ನಾನ್ ಅತ್ತಿದ್ದು ಗೊತ್ತಾದ್ರೆ ಗಾಡಿ ಮಾರಿಬಿಡ್ತಾರೆ. ಗಾಡಿ ಹೋದ್ರೆ ನಂಗೆ ಈ ಗೋಡೆ ಒಂದೇ ಗತಿ."

ಆಮೇಲೆ ಮುಖ ತೊಳೆದು, ಬಾಗಿಲು ತೆಗೆದು, ಹೊರಗಿದ್ದ ಅತ್ತೆಗೆ ಕೇಳುವ ಹಾಗೆ, "ಏನಿಲ್ಲತ್ತೆ, ಸಿಪ್ಪೆ ಬಿಡಿಸ್ದಂಗೆ ಬಂತು" ಎಂದು ನಕ್ಕಳು.

ಅವಳ ನಗು ಅಂಥದ್ದು, ಮಗಳೇ. ಗಾಡಿ ಉಳಿಸಿಕೊಳ್ಳಲು ನಕ್ಕದ್ದು ಅದು. ನಿನ್ನ ಗಾಡಿಯನ್ನು ಯಾರೂ ಮಾರುವುದಿಲ್ಲ. ನೀನು ನಗಬೇಕಾದ ಅಗತ್ಯವಿಲ್ಲ.

ನನ್ನ ಮೈಮೇಲೆ ಊರಿಲ್ಲ ಎಂದದ್ದು ಸುಳ್ಳು. ಎಡಭುಜದಲ್ಲಿ ಎರಡು ಹಲ್ಲಿನ ಗುರುತಿದೆ, ಮಾಸಿದೆ. ತೋರಿಸಲು ನಾಚಿಕೆ. ನೀವೂ ಕೇಳಬೇಡಿ.

ಅವಳು ಹೋದ ದಿನ ಹೆಣ್ಣುಮಕ್ಕಳು ಸೇರಿ ಮೀಯಿಸಿದೆವು. ಬಲಗೈಯ ಮೇಲೆ ಬಿಸಿನೀರು ಹುಯ್ದು ನಾನು ನೆನೆಯಲಿ ಎಂದು ಹಾಗೇ ಕೈ ತಡೆದು ಕಾಯುತ್ತ ನಿಂತೆ. ಪಕ್ಕದವಳು, "ಯಾಕೆ ನಿಂತ್ಕಂಡ್ರಿ, ಉಜ್ಜ್ರಿ" ಎಂದಳು. ಉಜ್ಜಲಾಗಲಿಲ್ಲ. ಚುಕ್ಕಿಗಳು ಇದ್ದಲ್ಲೇ ಇದ್ದವು. ಬಟ್ಟೆ ಹಂಚುವಾಗ ಹೊಸದುರ್ಗದಲ್ಲಿರುವ ಅವಳ ಮಗಳು ಆ ಅಂಗಿಯನ್ನು ತಂದು, "ಚಿಕ್ಕಮ್ಮ, ಇದು ಚಿಕ್ಕಪ್ಪಂದಲ್ವಾ, ನೀವೇ ಇಟ್ಕಳ್ರಿ" ಎಂದು ಕೊಟ್ಟಳು. ಅಷ್ಟು ವರ್ಷ ಹಗ್ಗದ ಮೇಲೆ ನೋಡಿದ್ದು ಕೊನೆಗೆ ನನ್ನ ಕೈಗೆ ಬಂತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಿಮ್ಮ ಅಜ್ಜನ ವಾಸನೆ ಹುಡುಕಿದೆ. ಕಾಲರಿನಲ್ಲಿ, ತೋಳಿನಲ್ಲಿ, ಕಂಕುಳಲ್ಲಿ ಹುಡುಕಿದೆ. ಅವರು ಎಲ್ಲೂ ಇರಲಿಲ್ಲ. ಪೆಟ್ರೋಲು, ಬೆವರು, ಬಾಡಿದ ಸೇವಂತಿಗೆ. ಬರೀ ಅವಳೇ. ಆಗ ನನಗೆ ಅಳು ಬಂತು ನೋಡಿ, ಬಾಯಿಗೆ ಆ ಅಂಗಿಯನ್ನೇ ತುರುಕಿಕೊಂಡು ಅತ್ತುಬಿಟ್ಟೆ.

ಜಗಲಿಯಲ್ಲಿ ನೀವು ಅವಳನ್ನು ಹಂಚಿಕೊಂಡು ನಗುತ್ತಿದ್ದಾಗ ನನಗೆ ಉರಿದದ್ದು ಅವಳ ಮೇಲಲ್ಲ, ನಿಮ್ಮ ಮೇಲೆ.

ಚಿಕ್ಕವಳೇ, ಆ ಅಂಗಿ ನಿನಗೆ ಕೊಡುವುದಿಲ್ಲ, ನನ್ನ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ನಿನ್ನ ಹಳೆಯ ಚೂಡಿದಾರದ ಅಳತೆ ಕೊಟ್ಟು ಹೊಳಲ್ಕೆರೆ ದರ್ಜಿಯ ಹತ್ತಿರ ಬೇರೆ ಹೊಲಿಸಿದ್ದೇನೆ. ಅದೇ ದಪ್ಪ ಬಟ್ಟೆ, ಮಣಿಕಟ್ಟು ಮುಚ್ಚುವ ತೋಳು, ಕುತ್ತಿಗೆಯವರೆಗೆ ಗುಂಡಿ. ಚಂದ ಕಾಣುವುದಿಲ್ಲ, ಬಿಡು. ತಲಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದ್ದೇನೆ. ಬಂದಾಗ ತೊಟ್ಟುಕೊಂಡು ಹೋಗು. ಪೆಟ್ಟಿಗೆಯಲ್ಲಿರುವುದನ್ನು ಮಾತ್ರ ಕೇಳಬೇಡ. ಅದು ನನ್ನದು.